ಏಡಿಗೊಂದು ಗಾಜಿನ ಮನೆ

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ನಿಂತಿತೆಂದರೆ ಜವಳಗೇರಾದ ಬತ್ತದ ಗದ್ದೆಗಳು ಬಿರಿಯತೊಡಗುತ್ತವೆ. ಆಗ ಗದ್ದೆಯ ಏಡಿಯು ಬದುವಿನ ಬಿಲವನ್ನು ಸೇರುವುದು. ಹೊರಗೆ ಸುಡುಬಿಸಿಲಿದ್ದರೂ ಆಳದ ಬಿಲದ ಗಾಳಿ ತೇವವಾಗಿರುತ್ತದೆ. ಏಡಿ ಉಸಿರಾಡುವುದು ಕಿವಿರುಗಳಿಂದ. ಅವು ಒಣಗಿದರೆ ಅದಕ್ಕೆ ಉಳಿವಿಲ್ಲ.

ಅಂಡಮಾನ್, ಲಕ್ಷದ್ವೀಪಗಳ ತೀರದಲ್ಲಿ ನೆಲದ ಮೇಲೆ ಬಾಳುವ ಸಂನ್ಯಾಸಿ ಏಡಿಗೂ ಇದೇ ನಿಯಮ. ತನ್ನ ಮೆತ್ತನೆಯ ಹಿಂಭಾಗವನ್ನು ಬರಿದಾದ ಶಂಖದೊಳಗೆ ಹುದುಗಿಸಿ, ಅದನ್ನು ಹೊತ್ತು ನಡೆಯುವ ಪ್ರಾಣಿ ಇದು. ಇದನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ ಹಲವು ದೇಶಗಳಲ್ಲಿ ಉಂಟು. ಆ ತೊಟ್ಟಿಯನ್ನು ಸಿಂಗರಿಸುವವರು ನೋಡುವವರ ಕಣ್ಣಿಗಿಂತ ಮೊದಲು ಏಡಿಯ ಕಿವಿರನ್ನು ನೆನೆಯಬೇಕು.

ಒಂದು ಲೆಕ್ಕ ಮಾಡಿ ನೋಡೋಣ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ 54 ಲೀಟರ್ ಗಾಳಿ ಹಿಡಿಯುತ್ತದೆ. 30 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಇರಬಲ್ಲುದು. ನಮ್ಮ ತೊಟ್ಟಿಯಲ್ಲಿ ಸುಮಾರು 1.6 ಗ್ರಾಂ. ಏಡಿಗೆ ಹಿತವಾದುದು ಇದರ ನೂರಕ್ಕೆ 80 ಭಾಗ, ಎಂದರೆ 1.3 ಗ್ರಾಂ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 20ಕ್ಕೆ ಇಳಿದಾಗ ತೊಟ್ಟಿಯಲ್ಲಿರುವುದು 0.3 ಗ್ರಾಂ ಮಾತ್ರ. ಕೊರತೆ ಒಂದೇ ಗ್ರಾಂ. ಸುಮಾರು ಇಪ್ಪತ್ತು ಹನಿ ನೀರು!

ಇಷ್ಟು ಅಲ್ಪ ನೀರಿಗಾಗಿ ಏಡಿ ಸಾಯುವುದೇಕೆ? ತೊಟ್ಟಿಯ ಬಾಯಿ ತೆರೆದಿದ್ದರೆ ಒಳಗಿನ ಆವಿ ಎಡೆಬಿಡದೆ ಹೊರಗಿನ ಒಣಗಾಳಿಗೆ ಹರಡಿಹೋಗುವುದು. ಎಷ್ಟು ನೀರು ಚಿಮುಕಿಸಿದರೂ ಆರ್ದ್ರತೆ ನಿಲ್ಲದು. ಆದುದರಿಂದ ತೊಟ್ಟಿಯ ಮೊದಲ ಅಲಂಕಾರವೆಂದರೆ ಮುಚ್ಚಳ. ಉಸಿರಿಗೆ ಸಣ್ಣ ಸಂದು ಉಳಿಸಿದರೆ ಸಾಕು.

ಎರಡನೆಯದು, ಏಡಿ ಪೂರ್ತಿ ಹೂತುಕೊಳ್ಳುವಷ್ಟು ಆಳದ ತೇವದ ಮರಳು. ಏಡಿಯು ಅದರೊಳಗೆ ಅಡಗಿ ಹಳೆಯ ಪೊರೆಯನ್ನು ಕಳಚುವುದು. ಆಗ ಅದನ್ನು ಕೆದಕಬಾರದು. ಮೂರನೆಯದು, ಒಂದು ಬಟ್ಟಲು ಸಿಹಿನೀರು, ಒಂದು ಬಟ್ಟಲು ಕಡಲಿನಷ್ಟು ಉಪ್ಪಾದ ನೀರು. ಅಡಿಗೆಯ ಉಪ್ಪು ಸಾಲದು. ಕಡಲಿನಲ್ಲಿ ಬೇರೆ ಲವಣಗಳೂ ಉಂಟು. ಹತ್ತಲು ಮರದ ಕೊಂಬೆ, ಅಡಗಲು ತೆಂಗಿನ ಚಿಪ್ಪು, ಬೆಳೆದಂತೆ ಮನೆ ಬದಲಿಸಲು ದೊಡ್ಡ ಬರಿಯ ಶಂಖಗಳು ಇರಲಿ. ಬಣ್ಣ ಬಳಿದ ಶಂಖ ಬೇಡ. ಬಣ್ಣ ಸುಲಿದು ಹೊಟ್ಟೆ ಸೇರೀತು. ತೊಟ್ಟಿಯನ್ನು ಬಿಸಿಲಿನಲ್ಲಿ ಇಡಲೇಬಾರದು. ಗಾಜು ಬೆಳಕನ್ನು ಒಳಬಿಟ್ಟು ಬಿಸಿಯನ್ನು ಹಿಡಿದಿಡುತ್ತದೆ.

ಇದನ್ನೆಲ್ಲ ನೋಡಲು ಜವಳಗೇರಾದ ವಿದ್ಯಾರ್ಥಿ ಕಡಲಿನವರೆಗೆ ಹೋಗಬೇಕಾಗಿಲ್ಲ. ಗದ್ದೆಯ ಏಡಿಯೊಂದನ್ನು ಒದ್ದೆಮಣ್ಣು, ಸಿಹಿನೀರುಗಳ ತೊಟ್ಟಿಯಲ್ಲಿ ಎರಡು ದಿನವಿಟ್ಟು, ಅದರ ನಡೆಯನ್ನು ಬರೆದುಕೊಂಡು, ಹಿಡಿದ ಬದುವಿಗೇ ಬಿಟ್ಟುಬರಲಿ. ನಾವು ಲೆಕ್ಕ ಹಾಕಿ ಕಂಡುಕೊಂಡುದನ್ನು ಅದರ ಬಿಲ ಮೊದಲೇ ಬಲ್ಲುದು.