ಮೈದಾನವೂ ಕಾಯಕದ ನೆಲೆಯೇ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ರಾಣಿ ಚನ್ನಮ್ಮನ ಸಮಾಧಿ, 1824ರ ಸಮರವನ್ನು ಕಂಡ ಕಿತ್ತೂರಿನ ಕೋಟೆ, ಯಲ್ಲಮ್ಮನ ಗುಡ್ಡ ಹಾಗೂ ಮಲಪ್ರಭೆಯ ದಂಡೆ. ಆಟದ ಮಾತು ಬಂದರೆ ಕುಸ್ತಿ, ಕಬಡ್ಡಿ, ಖೊ-ಖೊ, ವಾಲಿಬಾಲ್ ನೆನಪಾಗುತ್ತವೆ. ಫುಟ್‌ಬಾಲ್ ನೆನಪಾಗುವುದು ಕಡಿಮೆ. ಆದರೂ ಸಂಜೆಯ ಹೊತ್ತಿಗೆ ಕಾಲೇಜಿನ ಬಯಲಿನಲ್ಲಿ ಚೆಂಡಿನ ಬೆನ್ನು ಹತ್ತಿ ಓಡುವ ಹುಡುಗರು ಈ ಸೀಮೆಯಲ್ಲಿಯೂ ಇದ್ದಾರೆ. ಅವರಲ್ಲಿ ಕೆಲವರು ಪದವಿ ಮುಗಿದ ಮೇಲೆ ಮನೆಗೆ ಬಂದು, “ನಾನು ಆಟ ಕಲಿಸುವವನಾಗುತ್ತೇನೆ” ಎನ್ನುತ್ತಾರೆ. ಆಗ ಹಿರಿಯರ ಬಾಯಿಂದ ಹೊರಡುವ ಪ್ರಶ್ನೆ ಒಂದೇ: ಚೆಂಡು ಒದ್ದರೆ ಹೊಟ್ಟೆ ತುಂಬುತ್ತದೆಯೇ?

ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಎರೆಭೂಮಿಯ ಬೆಳೆಯನ್ನೇ ನಂಬಿ ಮಕ್ಕಳನ್ನು ಓದಿಸಿದ ತಂದೆತಾಯಿಗಳು ಕೇಳಲೇಬೇಕಾದ ಪ್ರಶ್ನೆಯಿದು. ಇದಕ್ಕೆ ಕೋಪದ ಉತ್ತರವೂ ಬೇಡ, ಕನಸಿನ ಉತ್ತರವೂ ಬೇಡ. ಕಾಲೇಜಿನ ಸಹಾಯಕ ತರಬೇತುದಾರನ ಹಾದಿ ಎಲ್ಲಿ ಆರಂಭವಾಗಿ ಎಲ್ಲಿಗೆ ಮುಟ್ಟುತ್ತದೆ, ನಡುವೆ ಎಲ್ಲಿ ಮುಳ್ಳುಗಳಿವೆ ಎಂಬುದನ್ನು ನಮ್ಮ ಕುಟುಂಬಗಳ ಮುಂದೆ ಇದ್ದಂತೆ ಇಡುವುದೇ ಈ ಲೇಖನದ ಉದ್ದೇಶ.

ಗರಡಿಮನೆಯ ಪಾಠ

‘ಸಹಾಯಕ’ ಎಂಬ ಪದವನ್ನು ಕೇಳಿದೊಡನೆ ಕೆಲವರು ಮೂಗು ಮುರಿಯುತ್ತಾರೆ. ಆದರೆ ಈ ಪದ್ಧತಿ ನಮಗೆ ಹೊಸದಲ್ಲ. ಸಂಗೊಳ್ಳಿ ರಾಯಣ್ಣನ ಈ ನೆಲದಲ್ಲಿ ಗರಡಿಮನೆಗಳ ಪರಂಪರೆ ಬಲು ಹಳೆಯದು. ಗರಡಿಯಲ್ಲಿ ವಸ್ತಾದರು ಒಬ್ಬರೇ ಎಲ್ಲ ಹುಡುಗರಿಗೂ ಪಟ್ಟು ಹೇಳಿಕೊಡುವುದಿಲ್ಲ. ಪಳಗಿದ ಹಿರಿಯ ಪೈಲವಾನನು ಕಿರಿಯರನ್ನು ಮಣ್ಣಿಗಿಳಿಸುತ್ತಾನೆ, ಸಾಮು ಮಾಡಿಸುತ್ತಾನೆ, ತಪ್ಪಿದಲ್ಲಿ ತಿದ್ದುತ್ತಾನೆ. ಹೀಗೆ ಕಲಿಸುತ್ತ ಕಲಿಸುತ್ತ ಒಂದು ದಿನ ಅವನೇ ವಸ್ತಾದನಾಗುತ್ತಾನೆ. ಸಹಾಯಕ ತರಬೇತುದಾರನ ಸ್ಥಾನವೂ ಇದೇ ತೆರನಾದುದು.

ಅವನ ದಿನಚರಿಯನ್ನು ಸ್ವಲ್ಪ ನೋಡೋಣ. ಹುಡುಗರು ಬರುವ ಮೊದಲೇ ಅವನು ಮೈದಾನದಲ್ಲಿರಬೇಕು. ಸುಣ್ಣದ ಗೆರೆ ಎಳೆಯುವುದು, ಚೆಂಡುಗಳಿಗೆ ಗಾಳಿ ತುಂಬುವುದು, ಮೈ ಕಾಯಿಸುವ ವ್ಯಾಯಾಮ ಮಾಡಿಸುವುದು, ಗೋಲ್‌ಕೀಪರನಿಗೆ ಪ್ರತ್ಯೇಕ ಅಭ್ಯಾಸ ಕೊಡುವುದು, ಯಾರ ಮೊಣಕಾಲು ನೋಯುತ್ತಿದೆ, ಯಾರು ಉಪವಾಸ ಬಂದಿದ್ದಾರೆ ಎಂದು ಗಮನಿಸುವುದು, ಎದುರಾಳಿ ತಂಡದ ಆಟವನ್ನು ನೋಡಿ ಟಿಪ್ಪಣಿ ಮಾಡಿಕೊಳ್ಳುವುದು ಇವೆಲ್ಲವೂ ಅವನ ಪಾಲಿಗೆ ಬರುವ ಕೆಲಸಗಳು. 90 ನಿಮಿಷದ ಆಟವನ್ನು ಜನ ನೋಡುತ್ತಾರೆ. ಅದರ ಹಿಂದಿನ ತಿಂಗಳುಗಳನ್ನು ಇವನು ಮಾತ್ರ ಬಲ್ಲನು.

ನಮ್ಮ ಭಾಗದಲ್ಲಿ ಇನ್ನೊಂದು ಹೊಣೆಯೂ ಉಂಟು. ಇಲ್ಲಿಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ. ಬಿರುಕಿನಲ್ಲಿ ಪಾದ ಸಿಕ್ಕಿದರೆ ಕಾಲು ಉಳುಕುವುದು ಖಂಡಿತ. ಬಯಲಿಗೆ ಗರಸು ಹಾಕಿಸಿ, ನೀರು ಹೊಡೆಸಿ, ರೋಲರ್ ಎಳೆಸಿ, ನೆಲವನ್ನು ಆಟಕ್ಕೆ ಯೋಗ್ಯವಾಗಿಸುವ ವಿವೇಕ ಅವನಲ್ಲಿರಬೇಕು.

ಎರಡು ಬಾಗಿಲುಗಳು

ಈ ವೃತ್ತಿಗೆ ಎರಡು ಬಾಗಿಲುಗಳಿವೆ. ಒಂದು ವಿದ್ಯಾಪೀಠದ ಬಾಗಿಲು, ಇನ್ನೊಂದು ಆಟದ ಸಂಸ್ಥೆಗಳ ಬಾಗಿಲು. ಇವೆರಡರ ಭೇದವನ್ನು ಅರಿಯದೆ ವರ್ಷಗಳನ್ನು ಕಳೆದುಕೊಂಡ ತರುಣರು ಅನೇಕರು.

ನಮ್ಮ ಕಾಲೇಜುಗಳಲ್ಲಿ ಫುಟ್‌ಬಾಲ್ ಒಂದಕ್ಕೇ ಮೀಸಲಾದ ಕಾಯಂ ಹುದ್ದೆ ಇರುವುದು ಅಪರೂಪ. ಅಲ್ಲಿ ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಎಲ್ಲ ಆಟಗಳೂ ಅವರ ಆಡಳಿತಕ್ಕೆ ಒಳಪಟ್ಟಿರುತ್ತವೆ. ಆದ್ದರಿಂದ ಸಹಾಯಕನಾಗಿ ಮೈದಾನಕ್ಕಿಳಿದ ತರುಣನು ಕಣ್ಣಿಡಬೇಕಾದುದು ಆ ಹುದ್ದೆಯ ಮೇಲೆ. ಪದವಿಗೆ 3 ವರ್ಷ, ಬಿ.ಪಿ.ಎಡ್. ಶಿಕ್ಷಣಕ್ಕೆ 2 ವರ್ಷ, ಎಂ.ಪಿ.ಎಡ್. ಶಿಕ್ಷಣಕ್ಕೆ 2 ವರ್ಷ, ಹೀಗೆ ಪಿ.ಯು.ಸಿ.ಯ ನಂತರ 7 ವರ್ಷಗಳ ಸಾಧನೆ ಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕಗಳು, ನೆಟ್ ಅಥವಾ ರಾಜ್ಯದ ಕೆ-ಸೆಟ್ ಪರೀಕ್ಷೆಯ ತೇರ್ಗಡೆ ಹಾಗೂ ಅಂತರಕಾಲೇಜು, ಅಂತರವಿಶ್ವವಿದ್ಯಾಲಯ ಇಲ್ಲವೆ ರಾಜ್ಯಮಟ್ಟದ ಪಂದ್ಯಗಳಲ್ಲಿ ಆಡಿದ ದಾಖಲೆ ಇರಬೇಕು. ಆದ್ದರಿಂದ ಮಕ್ಕಳ ಆಟದ ಪ್ರಮಾಣಪತ್ರಗಳನ್ನು ಅಂಕಪಟ್ಟಿಗಳಷ್ಟೇ ಜೋಪಾನವಾಗಿಡಬೇಕೆಂದು ತಾಯಂದಿರಲ್ಲಿ ನಮ್ಮ ವಿನಂತಿ.

ಇಷ್ಟರಿಂದಲೇ ಮುಗಿಯಲಿಲ್ಲ. ದೇಹದ ಪರೀಕ್ಷೆಯೂ ಉಂಟು. 30 ವರ್ಷದವರೆಗಿನ ಪುರುಷರು 12 ನಿಮಿಷಗಳಲ್ಲಿ 1,800 ಮೀಟರ್, ಮಹಿಳೆಯರು 8 ನಿಮಿಷಗಳಲ್ಲಿ 1,000 ಮೀಟರ್ ಕ್ರಮಿಸಬೇಕು. 40 ವರ್ಷದವರೆಗಿನವರಿಗೆ ಈ ದೂರ ಕ್ರಮವಾಗಿ 1,500 ಹಾಗೂ 800 ಮೀಟರ್. ಕಲಿಸುವವನ ಮೈಯೂ ಪಳಗಿರಬೇಕೆಂಬ ಈ ನಿಯಮ ನಮಗೆ ಮೆಚ್ಚುಗೆಯಾಗಿದೆ. ಇಷ್ಟೆಲ್ಲ ದಾಟಿ ಕಾಯಂ ಹುದ್ದೆ ದೊರೆತರೆ ಆಯೋಗದ 7ನೆಯ ವೇತನ ಶ್ರೇಣಿಯಲ್ಲಿ ಆರಂಭದ ಮೂಲವೇತನ 57,700 ರೂಪಾಯಿ. ಅಂದರೆ ಸಹಾಯಕ ಪ್ರಾಧ್ಯಾಪಕರಿಗೆ ಸಮಾನವಾದ ಸ್ಥಾನ.

ಎರಡನೆಯ ಬಾಗಿಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನದು. ಅಲ್ಲಿ ಡಿ, ಸಿ, ಬಿ, ಎ ಹಾಗೂ ಕೊನೆಗೆ ಪ್ರೊ ಎಂಬ ಲೈಸೆನ್ಸುಗಳ ಮೆಟ್ಟಿಲುಗಳಿವೆ. ಒಂದು ಮೆಟ್ಟಿಲು ಹತ್ತಿ, ಕೆಲಕಾಲ ತಂಡವೊಂದಕ್ಕೆ ಕಲಿಸಿದ ಅನುಭವ ಪಡೆದು, ಬಳಿಕ ಮುಂದಿನದಕ್ಕೆ ಹೋಗಬೇಕು. ಕ್ಲಬ್ಬುಗಳು ಹಾಗೂ ಅಕಾಡೆಮಿಗಳು ನೋಡುವುದು ಈ ಲೈಸೆನ್ಸನ್ನೇ. 1961ರಲ್ಲಿ ಪಟಿಯಾಲಾದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾಕ್ಕೂ ಒಳ್ಳೆಯ ಮನ್ನಣೆಯಿದೆ. ಡಿ ಲೈಸೆನ್ಸು ಕೆಲವೇ ದಿನಗಳ ಶಿಬಿರವಾದುದರಿಂದ ಬಿ.ಪಿ.ಎಡ್. ಓದುವಾಗಲೇ ರಜೆಯಲ್ಲಿ ಅದನ್ನು ಮುಗಿಸಿಕೊಳ್ಳುವುದು ಜಾಣತನ. ಆಗ ಎರಡೂ ಬಾಗಿಲುಗಳು ತೆರೆದೇ ಇರುತ್ತವೆ.

ಹತ್ತಿದವರ ನಿದರ್ಶನ

ಶಾಲೆಯ ಮಾಸ್ತರನೊಬ್ಬನು ಎಷ್ಟು ಎತ್ತರಕ್ಕೆ ಏರಬಲ್ಲನು? ನೆರೆಯ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರು ವೃತ್ತಿಯಿಂದ ಶಿಕ್ಷಕರು. ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು ಆಟ ಕಲಿಸುತ್ತ ಬಂದ ಅವರು ಭಾರತ ತಂಡದ ತರಬೇತುದಾರರಾದರು. ಅವರ ಮಾರ್ಗದರ್ಶನದಲ್ಲಿ ನಮ್ಮ ದೇಶ 1951 ಹಾಗೂ 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ 4ನೆಯ ಸ್ಥಾನ ಪಡೆಯಿತು. ಜಕಾರ್ತಾದ ಗೆಲುವಿನ ಮರುವರ್ಷವೇ, 1963ರಲ್ಲಿ, ಅವರು ತೀರಿಕೊಂಡರು.

ಇತ್ತೀಚಿನ ನಿದರ್ಶನವೂ ಉಂಟು. 2021ರ ಜನವರಿಯಲ್ಲಿ ಬೆಂಗಳೂರು ಎಫ್.ಸಿ. ತಂಡದ ಮುಖ್ಯ ತರಬೇತುದಾರರು ನಿರ್ಗಮಿಸಿದಾಗ ಹೊಣೆ ಬಂದುದು ಸಹಾಯಕರಾಗಿದ್ದ ನೌಷಾದ್ ಮೂಸಾ ಅವರ ಹೆಗಲಿಗೆ. ಅದೇ ತಿಂಗಳು ನಾರ್ತ್‌ಈಸ್ಟ್ ಯುನೈಟೆಡ್ ತಂಡದಲ್ಲಿ ಸಹಾಯಕರಾಗಿದ್ದ ಖಾಲಿದ್ ಜಮೀಲ್ ಅವರಿಗೂ ಅಂತಹುದೇ ಕರೆ ಬಂದಿತು. 2025ರಲ್ಲಿ ಜಮೀಲ್ ಅವರು ಭಾರತದ ಹಿರಿಯರ ತಂಡಕ್ಕೂ, ಮೂಸಾ ಅವರು 23 ವರ್ಷದೊಳಗಿನವರ ತಂಡಕ್ಕೂ ತರಬೇತುದಾರರಾದರು. ಕರೆ ಯಾವಾಗ ಬರುವುದೆಂದು ಹೇಳಲಾಗದು. ಬಂದಾಗ ಸಿದ್ಧನಿರುವವನೇ ಸಹಾಯಕ.

ಆದರೆ ಎಲ್ಲರೂ ಶಿಖರ ಮುಟ್ಟುವುದಿಲ್ಲವೆಂಬುದನ್ನೂ ಹೇಳದಿದ್ದರೆ ನಾವು ಓದುಗರಿಗೆ ಅನ್ಯಾಯ ಮಾಡಿದಂತೆ. ಗೌರವಧನದ ಮೇಲೆ ಸೇರಿಕೊಂಡು, “ಇಂದಲ್ಲ ನಾಳೆ ಕಾಯಂ ಆದೀತು” ಎಂದು ವರ್ಷಗಟ್ಟಲೆ ಕಾಯುತ್ತ, ಇತ್ತ ಪರೀಕ್ಷೆಯನ್ನೂ ಬರೆಯದೆ, ಅತ್ತ ಲೈಸೆನ್ಸನ್ನೂ ಪಡೆಯದೆ ವಯಸ್ಸು ಮೀರಿಸಿಕೊಳ್ಳುವುದೇ ಈ ಹಾದಿಯ ದೊಡ್ಡ ಅಪಾಯ. ಆದ್ದರಿಂದ ಮನೆಯವರು ಕುಳಿತು ಲೆಕ್ಕ ಹಾಕಬೇಕು: ಎಷ್ಟು ವರ್ಷ ನೋಡುವುದು, ಯಾವ ವರ್ಷ ಯಾವ ಪರೀಕ್ಷೆ, ನಡುವೆ ಜೀವನಕ್ಕೆ ಏನು ಆಧಾರ. ಬಿ.ಪಿ.ಎಡ್. ಆದವರಿಗೆ ಪ್ರೌಢಶಾಲೆಗಳ ದೈಹಿಕ ಶಿಕ್ಷಕ ಹುದ್ದೆಯ ಅವಕಾಶವಿದೆ. ಅಲ್ಲಿದ್ದುಕೊಂಡೇ ಮುಂದಿನ ಪರೀಕ್ಷೆಗೆ ಅಣಿಯಾಗಬಹುದು. ಅವಧಿಯಿಲ್ಲದ ಕಾಯುವಿಕೆ ತಪಸ್ಸಲ್ಲ, ಅದು ಕಾಲಹರಣ.

ಹೆಣ್ಣುಮಕ್ಕಳ ವಿಷಯದಲ್ಲಿಯೂ ನಮ್ಮ ಮನಸ್ಸು ವಿಶಾಲವಾಗಬೇಕು. ಕಿತ್ತೂರಿನಲ್ಲಿ 1969ರಲ್ಲಿಯೇ ಬಾಲಕಿಯರ ಸೈನಿಕ ಶಾಲೆ ಆರಂಭವಾಯಿತು. ಚನ್ನಮ್ಮನ ನಾಡಿನ ಮಗಳು ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನಕ್ಕಿಳಿದರೆ ಬೆರಗಾಗುವ ಕಾರಣವಿಲ್ಲ. ಕಾಲೇಜಿನ ಹೆಣ್ಣುಮಕ್ಕಳ ತಂಡಗಳಿಗೆ ಕಲಿಸಲು ಮಹಿಳೆಯರು ಮುಂದೆ ಬಂದರೆ ತಂದೆತಾಯಿಗಳೂ ನಿಶ್ಚಿಂತೆಯಿಂದ ಮಕ್ಕಳನ್ನು ಆಟಕ್ಕೆ ಕಳಿಸುವರು.

ಸಂಸ್ಥೆಗಳಲ್ಲಿ ಒಂದು ಮಾತು

ಸವದತ್ತಿ ತಾಲ್ಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಧಾರೆಯೆರೆದು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ತ್ಯಾಗಿಗಳಾದ ಶಿಕ್ಷಕರು ಕೂಡಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಆ ದಾಸೋಹದ ನೆರಳಿನಲ್ಲಿ ಓದಿ ಬೆಳೆದ ಸಮಾಜ ನಮ್ಮದು. ಇಂದು ಈ ನಾಲ್ಕೂ ತಾಲ್ಲೂಕುಗಳ ಪದವಿ ಕಾಲೇಜುಗಳಿಗೆ 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಆಶ್ರಯವಿದೆ. ಗ್ರಂಥಾಲಯಕ್ಕೆ, ಪ್ರಸಾದ ನಿಲಯಕ್ಕೆ ದಾನ ಕೊಡುವ ಶ್ರೀಮಂತರು ಮೈದಾನಕ್ಕೊಂದು ಗರಸಿನ ಹಾಸು, ಆಟ ಕಲಿಸುವ ತರುಣನಿಗೊಂದು ನಿಯಮಿತ ಸಂಬಳ ಇವುಗಳನ್ನೂ ವಿದ್ಯಾದಾಸೋಹವೆಂದೇ ಬಗೆಯಬೇಕು.

ಬಸವಾದಿ ಶರಣರು ಮಡಿವಾಳನ, ಅಂಬಿಗನ, ಮೇದಾರನ ದುಡಿಮೆಯನ್ನು ಒಂದೇ ಸಾಲಿನಲ್ಲಿ ಕೂಡಿಸಿ ಗೌರವಿಸಿದರು. ಆದರೆ ಕಾಯಕದ ಹೆಸರಿನಲ್ಲಿ ಯಾರನ್ನೂ ಬಿಟ್ಟಿ ದುಡಿಸಿಕೊಳ್ಳಿರೆಂದು ಅವರು ಹೇಳಲಿಲ್ಲ. ಸತ್ಯಶುದ್ಧ ದುಡಿಮೆಗೆ ಸಲ್ಲಬೇಕಾದ ಫಲ ಸಂದಾಗಲೇ ಅದರಿಂದ ದಾಸೋಹ ನಡೆಯುವುದು. ಸಹಾಯಕನನ್ನು ನೇಮಿಸಿಕೊಳ್ಳುವ ಆಡಳಿತ ಮಂಡಳಿಗಳು ಅವನ ಕೆಲಸ, ಅವಧಿ, ಸಂಬಳಗಳನ್ನು ಮೊದಲೇ ಬರವಣಿಗೆಯಲ್ಲಿ ಕೊಡುವುದು ಈ ತತ್ತ್ವಕ್ಕೆ ಸಲ್ಲಿಸುವ ಗೌರವ.

ಚೆಂಡು ಒದ್ದರೆ ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆಗೆ ನಮ್ಮ ಉತ್ತರವಿಷ್ಟು: ಬರಿದೆ ಒದ್ದರೆ ತುಂಬದು. ಓದು, ಪರೀಕ್ಷೆ, ಲೈಸೆನ್ಸು, ಮನೆಯವರ ಬೆಂಬಲ, ಸಂಸ್ಥೆಯ ನ್ಯಾಯ ಇವು ಕೂಡಿ ಬಂದರೆ ಮರ್ಯಾದೆಯ ಅನ್ನ ದೊರೆಯುತ್ತದೆ. ಮುಂದಿನ ಸಲ ನಿಮ್ಮ ಮಗನೋ ಮಗಳೋ ಈ ಮಾತನ್ನು ಎತ್ತಿದಾಗ, ದಯವಿಟ್ಟು ಮೊದಲು ಪಕ್ಕದಲ್ಲಿ ಕೂಡಿಸಿಕೊಂಡು, ಒಂದು ಹಾಳೆಯ ಮೇಲೆ ವರ್ಷಗಳ ಲೆಕ್ಕ ಬರೆಯಿರಿ. ಲೆಕ್ಕ ಸರಿಹೊಂದಿದರೆ ಶರಣು ಹೇಳಿ ಹರಸಿ ಕಳಿಸಿರಿ.