ಟೈಮ್‌ಸ್ಟ್ಯಾಂಪ್ ಮತ್ತು ಗಡಿಯಾರದ ಸಮಯ: ತಪ್ಪು ಕಲ್ಪನೆ, ಸತ್ಯ

ಪಿಎಚ್‌ಪಿ ಭಾಷೆಯಲ್ಲಿ ಟೈಮ್‌ಸ್ಟ್ಯಾಂಪ್ ಎಂದರೆ ಬರೀ ಒಂದು ಪೂರ್ಣಾಂಕ: 1970ರ ಜನವರಿ 1ರ ಯುಟಿಸಿ ನಡುರಾತ್ರಿಯಿಂದ ಕಳೆದ ಸೆಕೆಂಡುಗಳ ಎಣಿಕೆ. ಅದನ್ನು ಗಂಟೆ, ನಿಮಿಷವಾಗಿ ತೋರಿಸುವುದು ‘ಡೇಟ್’ ಫಂಕ್ಷನ್. ಭಾರತದ ಸರ್ವರ್ ಕೊಡುವ ಸಂಖ್ಯೆ ಬೇರೆ, ಲಂಡನ್ನಿನದು ಬೇರೆ ಎಂದು ಹಲವರು ನಂಬುತ್ತಾರೆ. ಆದರೆ ಒಂದು ಕ್ಷಣಕ್ಕೆ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆ. 1700000000 ಎಂಬುದು ಯುಟಿಸಿಯಲ್ಲಿ 2023ರ ನವೆಂಬರ್ 14ರ ರಾತ್ರಿ 10:13:20. ಬೆಂಗಳೂರಿನಲ್ಲಿ ಅದೇ ಕ್ಷಣ ನವೆಂಬರ್ 15ರ ನಸುಕಿನ 3:43:20. ಗಡಿಯಾರದ ಜೊತೆಗೆ ತಾರೀಖೂ ಬದಲಾಯಿತು, ಸಂಖ್ಯೆ ಮಾತ್ರ ಬದಲಾಗಲಿಲ್ಲ.

ಭಾರತೀಯ ಸಮಯ ಬೇಕಾದರೆ ಟೈಮ್‌ಸ್ಟ್ಯಾಂಪಿಗೆ ಐದೂವರೆ ಗಂಟೆ, ಅಂದರೆ 19800 ಸೆಕೆಂಡು, ಕೂಡಿಸಿದರೆ ಸಾಕೆಂಬ ಎಣಿಕೆ ಇದಕ್ಕಿಂತ ಅಪಾಯಕಾರಿ. ಕೂಡಿಸಿದ ಸಂಖ್ಯೆ ಇನ್ನೊಂದೇ ಕ್ಷಣವನ್ನು ಸೂಚಿಸುತ್ತದೆ. ಸರ್ವರ್ ಮೊದಲೇ ಭಾರತೀಯ ಸಮಯಕ್ಕೆ ಹೊಂದಿಕೊಂಡಿದ್ದರೆ ಯುಟಿಸಿಯಿಂದ ವ್ಯತ್ಯಾಸ ಹನ್ನೊಂದು ಗಂಟೆಯಾಗುತ್ತದೆ. ಸಂಖ್ಯೆಯನ್ನು ಮುಟ್ಟದೆ, ಕಾಲವಲಯವನ್ನು ‘ಏಷ್ಯಾ/ಕೋಲ್ಕತ್ತಾ’ ಎಂದು ಹೆಸರಿಸುವುದೇ ಸರಿಯಾದ ದಾರಿ. ಆ ವಲಯದ ದಾಖಲೆಯಲ್ಲಿ ಹಳೆಯ ಬದಲಾವಣೆಗಳೂ ಇವೆ: ಎರಡನೇ ಮಹಾಯುದ್ಧದ ಕೆಲವು ವರ್ಷಗಳಲ್ಲಿ ಭಾರತದ ಗಡಿಯಾರ ಯುಟಿಸಿಗಿಂತ ಆರೂವರೆ ಗಂಟೆ ಮುಂದಿತ್ತು. ಕೈಯಿಂದ ಕೂಡಿಸುವವರಿಗೆ ಇದು ನೆನಪಿಗೆ ಬರುವುದು ಅಪರೂಪ.

‘ಡೇಟ್’ ತೋರಿಸುವುದು ಓದುಗರ ಊರಿನ ಸಮಯವನ್ನಲ್ಲ, ಸ್ಕ್ರಿಪ್ಟಿಗೆ ನಿಗದಿಯಾದ ವಲಯದ ಸಮಯವನ್ನು. ಏನನ್ನೂ ನಿಗದಿಪಡಿಸದಿದ್ದರೆ ಅದು ಯುಟಿಸಿ.

‘ಡೇಟ್’ಗೆ ಸಮಯದ ರೂಪವನ್ನು ಸೂಚಿಸುವ ಅಕ್ಷರಗಳ ವಿಷಯದಲ್ಲೂ ಗೊಂದಲವಿದೆ. ಸಣ್ಣ ‘ಎಂ’ ನಿಮಿಷವೆಂದು ಭಾವಿಸುವವರು ಅನೇಕ. ಪಿಎಚ್‌ಪಿಯಲ್ಲಿ ಅದು ತಿಂಗಳು, ನಿಮಿಷಕ್ಕೆ ಸಣ್ಣ ‘ಐ’. ತಪ್ಪಿದರೆ ನವೆಂಬರ್ ಪೂರ್ತಿ ನಿಮಿಷದ ಜಾಗದಲ್ಲಿ 11 ನಿಂತಿರುತ್ತದೆ. ಹನ್ನೊಂದು ನಿಮಿಷವೂ ಸಹಜವಾಗಿ ಕಾಣುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳದು. ಪೈಥಾನ್‌ನಲ್ಲಿ ನಿಮಿಷಕ್ಕೆ ದೊಡ್ಡ ‘ಎಂ’, ಹಾಗಾಗಿ ಒಂದು ಭಾಷೆಯ ರೂಢಿ ಇನ್ನೊಂದಕ್ಕೆ ಒಗ್ಗದು. ಜಾವಾಸ್ಕ್ರಿಪ್ಟ್ ಸೆಕೆಂಡಿನ ಬದಲು ಮಿಲಿಸೆಕೆಂಡು ಎಣಿಸುತ್ತದೆ. ಮೇಲಿನ 1700000000 ಸಂಖ್ಯೆಯನ್ನು ಅದಕ್ಕೆ ಹಾಗೆಯೇ ಕೊಟ್ಟರೆ 1970ರ ಜನವರಿ 20 ಎಂಬ ಉತ್ತರ ಬರುತ್ತದೆ.

ಎಲ್ಲಕ್ಕಿಂತ ಆಳವಾಗಿ ಬೇರೂರಿದ ತಪ್ಪು, ಅವಧಿಯನ್ನೂ ಟೈಮ್‌ಸ್ಟ್ಯಾಂಪಿನಂತೆ ನೋಡುವುದು. ಒಂದು ಗಂಟೆಯ ಹಾಡಿನ ಕಚೇರಿ 3600 ಸೆಕೆಂಡು. ಅದನ್ನು ಭಾರತೀಯ ವಲಯದಲ್ಲಿ ‘ಡೇಟ್’ಗೆ ಕೊಟ್ಟರೆ 06:30:00 ಎಂದು ಬರುತ್ತದೆ, ಏಕೆಂದರೆ ಫಂಕ್ಷನ್‌ಗೆ ಅದು 1970ರ ಮೊದಲ ದಿನದ ಬೆಳಗಿನ ಕ್ಷಣ. ಯುಟಿಸಿಯನ್ನೇ ಬಳಸುವ ‘ಜಿಎಂಡೇಟ್’ 01:00:00 ಎಂದು ಸರಿಯಾಗಿ ತೋರಿಸಿದರೂ 24 ಗಂಟೆ ದಾಟಿದೊಡನೆ ಎಡವುತ್ತದೆ: 90000 ಸೆಕೆಂಡಿಗೂ ಅದೇ 01:00:00. ಅವಧಿಯನ್ನು 3600ರಿಂದ ಭಾಗಿಸಿ ಗಂಟೆಯನ್ನೂ ಶೇಷವನ್ನು 60ರಿಂದ ಭಾಗಿಸಿ ನಿಮಿಷವನ್ನೂ ಪಡೆದರೆ 25 ಗಂಟೆ ಎಂಬ ನಿಜವಾದ ಲೆಕ್ಕ ಸಿಗುತ್ತದೆ.