ಬಡಾವಣೆಯ ನಡುವೆ ತರಕಾರಿ ತೋಟ: ಹವಾನಾ ನಗರದಿಂದ ಕಲಿಯಬೇಕಾದ ಲೆಕ್ಕ

ನಗರದಲ್ಲಿ ತರಕಾರಿಗೆ ಕೊರತೆ ಇಲ್ಲ, ತಾಜಾ ತರಕಾರಿಗೆ ಕೊರತೆ ಇದೆ. ಹೊಲದಲ್ಲಿ ಕಿತ್ತ ಸೊಪ್ಪು ಸಗಟು ಮಾರುಕಟ್ಟೆಗೆ ಬಂದು, ಅಲ್ಲಿಂದ ಚಿಲ್ಲರೆ ಅಂಗಡಿಗೆ ಹೋಗಿ, ನಮ್ಮ ಮನೆ ಸೇರುವಷ್ಟರಲ್ಲಿ ಬಾಡಿರುತ್ತದೆ. ಊರ ಹೊರಗಿನ ಬಡಾವಣೆಗಳಲ್ಲಿ, ಕೂಲಿ ಮಾಡುವವರು ಹೆಚ್ಚಾಗಿರುವ ಕಡೆ ಅದೂ ಸಿಗುವುದು ಕಷ್ಟ. ಬಿಸ್ಕತ್ತು, ಚಿಪ್ಸ್ ಪೊಟ್ಟಣ ಪ್ರತಿ ತಿರುವಿನಲ್ಲೂ ನೇತಾಡುತ್ತಿರುತ್ತವೆ. ಒಂದು ಕಟ್ಟು ಮೆಂತ್ಯ ಸೊಪ್ಪು ಬೇಕಾದರೆ ದೂರ ನಡೆಯಬೇಕು.

ಈ ತೊಂದರೆ ಪ್ರಪಂಚದ ಅನೇಕ ನಗರಗಳಲ್ಲಿದೆ. ಅದಕ್ಕೆ ಒಂದು ಉಪಾಯ, ಬಡಾವಣೆಯೊಳಗೇ ತರಕಾರಿ ಬೆಳೆದು ಅಲ್ಲೇ ಮಾರುವುದು. ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ ನಗರ ಕ್ಯೂಬಾ ದೇಶದ ರಾಜಧಾನಿ ಹವಾನಾ. ಅಲ್ಲಿ ಏನು ನಡೆಯಿತು, ಹೇಗೆ ನಡೆಯಿತು, ಅದರ ಮಿತಿ ಎಷ್ಟು ಎಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇನೆ.

ಅಂಗಡಿಯವರು ಸೊಪ್ಪು ಏಕೆ ಇಡುವುದಿಲ್ಲ?

ಮೊದಲು ವ್ಯಾಪಾರದ ಮಾತು. ಬಹಳ ವರ್ಷ ವ್ಯಾಪಾರ ಮಾಡಿದವನಾಗಿ ಇದನ್ನು ಹೇಳಬಲ್ಲೆ. ಬೇಳೆ, ಅಕ್ಕಿ ಇವತ್ತು ಮಾರದಿದ್ದರೆ ನಾಳೆ ಮಾರುತ್ತದೆ. ಸೊಪ್ಪು ಸಂಜೆಯೊಳಗೆ ಮಾರದಿದ್ದರೆ ಹಾಕಿದ ಬಂಡವಾಳ ತಿಪ್ಪೆಗೆ. ಆದ್ದರಿಂದ ಸೊಪ್ಪು ಮಾರುವವರು ಕೆಡುವ ಕಟ್ಟುಗಳ ಬೆಲೆಯನ್ನೂ ಮಾರುವ ಕಟ್ಟುಗಳ ಮೇಲೆ ಹಾಕಲೇಬೇಕು. ಅದರ ಮೇಲೆ ಲಾರಿ ಬಾಡಿಗೆ, ಹಮಾಲಿ, ದಲ್ಲಾಳಿ ಕಮಿಷನ್ ಸೇರುತ್ತವೆ.

ಗಿರಾಕಿಗಳ ಕೈಯಲ್ಲಿ ಹಣ ಕಡಿಮೆ ಇರುವ ಬಡಾವಣೆಯಲ್ಲಿ ಈ ಬೆಲೆಗೆ ಮಾಲು ಓಡುವುದಿಲ್ಲ. ಓಡದ ಮಾಲನ್ನು ಯಾರೂ ತರುವುದಿಲ್ಲ. ಹೀಗೆ ಯಾರ ದುರುದ್ದೇಶವೂ ಇಲ್ಲದೆ ಒಂದು ಇಡೀ ಬಡಾವಣೆಗೆ ಹಸಿ ತರಕಾರಿ ತಪ್ಪಿಹೋಗುತ್ತದೆ. ಜನರಿಗೆ 'ತರಕಾರಿ ತಿನ್ನಿ' ಎಂದು ಬುದ್ಧಿ ಹೇಳುವುದರಿಂದ ಇದು ಸರಿಹೋಗುವುದಿಲ್ಲ. ದಾರಿಯ ಖರ್ಚು ಮತ್ತು ಕೆಡುವ ನಷ್ಟ ಎರಡೂ ಕಡಿಮೆಯಾಗಬೇಕು.

ಹವಾನಾಕ್ಕೆ ಬಂದ ಕಷ್ಟ

1990ರವರೆಗೆ ಕ್ಯೂಬಾದ ವಿದೇಶಿ ವ್ಯಾಪಾರದ ಬಹುಪಾಲು ಸೋವಿಯತ್ ಒಕ್ಕೂಟ ಮತ್ತು ಅದರ ಜೊತೆಗಾರ ದೇಶಗಳ ಸಂಗಡ ನಡೆಯುತ್ತಿತ್ತು. ಕ್ಯೂಬಾ ಸಕ್ಕರೆ ಕಳಿಸುತ್ತಿತ್ತು. ಅಲ್ಲಿಂದ ಪೆಟ್ರೋಲಿಯಂ, ರಸಗೊಬ್ಬರ, ಕೀಟನಾಶಕ, ಟ್ರ್ಯಾಕ್ಟರ್, ಗೋಧಿ ಬರುತ್ತಿದ್ದವು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದುಹೋಯಿತು. ಅಮೆರಿಕದ ವ್ಯಾಪಾರ ನಿರ್ಬಂಧ ಮೊದಲೇ ಇತ್ತು. ಆ ಕಷ್ಟದ ವರ್ಷಗಳನ್ನು ಕ್ಯೂಬಾದವರು 'ವಿಶೇಷ ಅವಧಿ' ಎಂದು ಕರೆಯುತ್ತಾರೆ.

ಹಳ್ಳಿಯಲ್ಲಿ ಬೆಳೆದದ್ದನ್ನು ನಗರಕ್ಕೆ ತರಲು ಡೀಸೆಲ್ ಇಲ್ಲ, ಶೀತಲ ಗೃಹ ನಡೆಸಲು ಸಾಕಷ್ಟು ವಿದ್ಯುತ್ ಇಲ್ಲ. ಜನರ ಓಡಾಟಕ್ಕೆಂದು ಸರ್ಕಾರ ಚೀನಾದಿಂದ 10 ಲಕ್ಷಕ್ಕೂ ಹೆಚ್ಚು ಸೈಕಲ್ ತರಿಸಿತು. 1962ರಿಂದ ಜಾರಿಯಲ್ಲಿದ್ದ ಪಡಿತರ ಚೀಟಿ ಕೈಯಲ್ಲಿತ್ತು, ಆದರೆ ಪಡಿತರ ಸಾಲುತ್ತಿರಲಿಲ್ಲ.

ಇದರ ಪರಿಣಾಮ ಜನರ ದೇಹದ ಮೇಲೆ ಕಾಣಿಸಿತು. 1991ರ ಕೊನೆಯಿಂದ 1993ರವರೆಗೆ 50,000ಕ್ಕೂ ಹೆಚ್ಚು ಜನರಿಗೆ ಕಣ್ಣು ಮಂಜಾಗುವ, ಕೈಕಾಲು ಜೋಮು ಹಿಡಿಯುವ ನರರೋಗ ಬಂದಿತು. ಮುಖ್ಯ ಕಾರಣ ಪೌಷ್ಟಿಕ ಆಹಾರದ, ಅದರಲ್ಲೂ ಬಿ ವಿಟಮಿನ್‌ಗಳ ಕೊರತೆ. ತಂಬಾಕು ಸೇವನೆ ಅದನ್ನು ಹೆಚ್ಚಿಸಿತು. ಸರ್ಕಾರ ಇಡೀ ದೇಶದ ಜನರಿಗೆ ವಿಟಮಿನ್ ಮಾತ್ರೆ ಹಂಚಿದ ಮೇಲೆ ಅದು ಹತೋಟಿಗೆ ಬಂತು.

ಆರ್ಗನೊಪೋನಿಕೊ ಎಂದರೇನು?

ಮಾತ್ರೆಯಿಂದ ರೋಗ ನಿಂತರೂ ಊಟ ಬೇಕಲ್ಲ. ಹವಾನಾದ ಜನ ಖಾಲಿ ನಿವೇಶನ, ಕಟ್ಟಡ ಕೆಡವಿದ ಜಾಗ, ಕಸ ಸುರಿಯುತ್ತಿದ್ದ ಮೂಲೆಗಳಲ್ಲಿ ತರಕಾರಿ ಹಾಕಲು ತೊಡಗಿದರು. ಖಾಲಿ ಬಿದ್ದ ಸರ್ಕಾರಿ ಜಾಗವನ್ನು ಬೆಳೆಯುವವರಿಗೆ ಬಾಡಿಗೆ ಇಲ್ಲದೆ ಬಳಸಲು ಕೊಡುವ ವ್ಯವಸ್ಥೆ ಬಂತು. ಜಾಗ ಸರ್ಕಾರದ್ದೇ, ಬೆಳೆ ಬೆಳೆದವರದು. 1994ರಲ್ಲಿ ಹವಾನಾದಲ್ಲಿ ನಗರ ಕೃಷಿಗೆಂದೇ ಒಂದು ಇಲಾಖೆ ಆಯಿತು.

ನಗರದ ಮಣ್ಣು ಬೆಳೆಗೆ ಒಗ್ಗುವುದಿಲ್ಲ. ಅದರಲ್ಲಿ ಇಟ್ಟಿಗೆ ಚೂರು, ಸಿಮೆಂಟು, ಕೆಲವೆಡೆ ಸೀಸದಂಥ ವಿಷ ಲೋಹ ಇರುತ್ತದೆ. ಅದಕ್ಕೆ ಅವರು ನೆಲದ ಮೇಲೆ ಕಾಂಕ್ರೀಟ್ ತುಂಡು, ಕಲ್ಲು, ಹಳೆಯ ಛಾವಣಿ ಹೆಂಚುಗಳಿಂದ ಉದ್ದನೆಯ ಕಟ್ಟೆ ಕಟ್ಟಿ, ಅದರೊಳಗೆ ಒಳ್ಳೆಯ ಮಣ್ಣು ಮತ್ತು ಕಾಂಪೋಸ್ಟ್ ಬೆರೆಸಿ ತುಂಬಿದರು. ಇಂಥ ಏರುಮಡಿಗಳ ತೋಟಕ್ಕೆ ಅಲ್ಲಿ 'ಆರ್ಗನೊಪೋನಿಕೊ' ಎಂದು ಹೆಸರು. ಮಣ್ಣಿಲ್ಲದೆ ರಾಸಾಯನಿಕ ದ್ರಾವಣದಲ್ಲಿ ಬೆಳೆಯುವುದು ಹೈಡ್ರೋಪೋನಿಕ್ಸ್. ರಾಸಾಯನಿಕದ ಬದಲು ಸಾವಯವ ಗೊಬ್ಬರ ತುಂಬಿದ್ದರಿಂದ ಈ ಹೆಸರು ಬಂತು. ಮಡಿಯ ಅಗಲ ಎರಡೂ ಬದಿಯಿಂದ ಕೈ ಎಟುಕುವಷ್ಟು ಮಾತ್ರ. ಮಡಿಯನ್ನು ತುಳಿಯುವಂತಿಲ್ಲ, ಆದ್ದರಿಂದ ಮಣ್ಣು ಗಟ್ಟಿಯಾಗುವುದಿಲ್ಲ.

ಗೊಬ್ಬರಕ್ಕೆ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಪ್ರೆಸ್‌ಮಡ್ ಬಳಸುತ್ತಾರೆ. ನಮ್ಮ ಮಂಡ್ಯದ ಕಬ್ಬಿನ ರೈತರಿಗೂ ಪ್ರೆಸ್‌ಮಡ್ ಪರಿಚಿತ. ನಗರದೊಳಗಿನ ಈ ತೋಟಗಳಲ್ಲಿ ರಾಸಾಯನಿಕ ಕೀಟನಾಶಕಕ್ಕೆ ಅವಕಾಶ ಇಲ್ಲ. ಅಂಚಿನಲ್ಲಿ ಮುಸುಕಿನ ಜೋಳ, ಚೆಂಡು ಹೂವು ಹಾಕಿ ಕೀಟ ಒಳಗೆ ಬರುವುದನ್ನು ತಡೆಯುತ್ತಾರೆ. ಒಂದೇ ಬೆಳೆಯನ್ನು ಒಂದೇ ಮಡಿಯಲ್ಲಿ ಮತ್ತೆ ಮತ್ತೆ ಹಾಕುವುದಿಲ್ಲ. ಬೇವನ್ನೂ ಬಳಸುತ್ತಾರೆ. ಅಷ್ಟರಿಂದ ಆಗದಿದ್ದಾಗ ಕೀಟಕ್ಕೆ ರೋಗ ತರುವ ಶಿಲೀಂಧ್ರಗಳನ್ನು ಸಿಂಪಡಿಸುತ್ತಾರೆ. ಬೀಜ, ಗೊಬ್ಬರ, ಸಲಹೆ ಮೂರೂ ಒಂದೇ ಕಡೆ ಸಿಗುವ ಅಂಗಡಿಗಳನ್ನು ನಗರದಲ್ಲಿ ತೆರೆದರು.

ಅಲಮಾರ್‌ನ ತೋಟ

ಹವಾನಾ ಕೊಲ್ಲಿಯ ಪೂರ್ವಕ್ಕೆ ಅಲಮಾರ್ ಎಂಬ ದೊಡ್ಡ ವಸತಿ ಬಡಾವಣೆ ಇದೆ. 1970ರ ದಶಕದಿಂದ ಕಟ್ಟಿದ ಒಂದೇ ಅಚ್ಚಿನ ಫ್ಲಾಟುಗಳ ಸಾಲು. ಇಂಥ ಕಡೆ 1997ರಲ್ಲಿ ಕೆಲವೇ ಜನ ಸೇರಿ ವಿವೇರೋ ಅಲಮಾರ್ ಎಂಬ ಸಹಕಾರಿ ತೋಟ ಆರಂಭಿಸಿದರು. ಸಣ್ಣ ಜಾಗದಲ್ಲಿ ಶುರುವಾದ ಅದು ಮುಂದೆ ಸುಮಾರು 11 ಹೆಕ್ಟೇರ್, ಅಂದರೆ 27 ಎಕರೆಯಷ್ಟು ಬೆಳೆಯಿತು. ನೂರಕ್ಕೂ ಹೆಚ್ಚು ಜನರಿಗೆ ಕೆಲಸ ಸಿಕ್ಕಿತು. ಅವರಲ್ಲಿ ಹೆಂಗಸರು, ನಿವೃತ್ತರಾದ ಹಿರಿಯರು ಅನೇಕರು. ಲಾಭವನ್ನು ಸದಸ್ಯರು ಹಂಚಿಕೊಳ್ಳುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು ತೋಟದ ಗೇಟಿನ ಬಳಿ ಇರುವ ಮಾರಾಟದ ಕಟ್ಟೆ. ಲೆಟಿಸ್ ಸೊಪ್ಪು, ಮೂಲಂಗಿ, ಸೌತೆ, ಬೀನ್ಸ್, ಟೊಮೇಟೊ ಮಡಿಯಿಂದ ನೇರವಾಗಿ ಅಲ್ಲಿಗೆ ಬರುತ್ತವೆ. ಸುತ್ತಮುತ್ತಲಿನ ಫ್ಲಾಟುಗಳವರು ನಡೆದು ಬಂದು ಕೊಳ್ಳುತ್ತಾರೆ. ಗಿರಾಕಿ ಎಷ್ಟು ಬರುತ್ತಾರೆ ಎಂದು ನೋಡಿ ಅಷ್ಟನ್ನೇ ಕೀಳಬಹುದು. ಉಳಿದದ್ದು ಗಿಡದಲ್ಲೇ ಇರುತ್ತದೆ, ಅಂಗಡಿಯಲ್ಲಿ ಬಾಡುವುದಿಲ್ಲ.

ಮೇಲೆ ಹೇಳಿದ ವ್ಯಾಪಾರದ ಲೆಕ್ಕವನ್ನು ಈಗ ಜೋಡಿಸಿ ನೋಡಿ. ಲಾರಿ ಬಾಡಿಗೆ ಇಲ್ಲ. ದಲ್ಲಾಳಿ ಇಲ್ಲ. ಕೆಡುವ ನಷ್ಟ ಬಹಳ ಕಡಿಮೆ. ಜಾಗಕ್ಕೆ ಬಾಡಿಗೆ ಇಲ್ಲ. ಉಳಿಯುವುದು ಕೂಲಿ, ಬೀಜ, ಗೊಬ್ಬರ, ನೀರು. ಆದ್ದರಿಂದ ಬೆಳೆದವರಿಗೂ ನಾಲ್ಕು ಕಾಸು ಉಳಿದು, ಕೊಳ್ಳುವವರಿಗೂ ಕಡಿಮೆ ಬೆಲೆಗೆ ಕೊಡಲು ಸಾಧ್ಯವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹವಾನಾದ ಯಶಸ್ಸಿನ ಗುಟ್ಟು ಮಡಿಗಿಂತ ಹೆಚ್ಚಾಗಿ ಈ ಗೇಟಿನ ಕಟ್ಟೆಯಲ್ಲಿದೆ. ಬಡಾವಣೆಯಲ್ಲಿ ಬೆಳೆದ ತರಕಾರಿಯನ್ನು ದೂರದ ಹೋಟೆಲಿಗೆ ಸಾಗಿಸಿದರೆ ಆ ಬಡಾವಣೆಗೆ ಏನೂ ಸಿಕ್ಕಂತಾಗಲಿಲ್ಲ.

ನಾಲಿಗೆಗೆ ರೂಢಿಯಾಗಬೇಕು

ತರಕಾರಿ ಹತ್ತಿರಕ್ಕೆ ಬಂದ ಕೂಡಲೇ ಜನ ತಿನ್ನುತ್ತಾರೆ ಎಂದೇನೂ ಇಲ್ಲ. ಕ್ಯೂಬಾದವರ ರೂಢಿಯ ಊಟ ಅನ್ನ, ಹುರುಳಿಕಾಯಿ ಜಾತಿಯ ಕಪ್ಪು ಕಾಳು ಮತ್ತು ಮಾಂಸ. ಸೊಪ್ಪು ಅವರಿಗೆ ಅಷ್ಟು ಒಗ್ಗಿದ ಆಹಾರವಾಗಿರಲಿಲ್ಲ. ಆದ್ದರಿಂದ ಅಡುಗೆ ಹೇಳಿಕೊಡುವ, ತರಕಾರಿ ಒಣಗಿಸಿ ಇಡುವ, ಉಪ್ಪಿನಕಾಯಿಯಂತೆ ಹಾಕಿಡುವ ವಿಧಾನ ಕಲಿಸುವ ಕೆಲಸವೂ ಜೊತೆಗೇ ನಡೆಯಿತು. ತೋಟಗಳು ಶಾಲೆ, ಆಸ್ಪತ್ರೆ, ವೃದ್ಧಾಶ್ರಮಗಳಿಗೂ ತರಕಾರಿ ಕೊಟ್ಟವು. ನಮ್ಮ ನುಗ್ಗೆಯೂ ಅಲ್ಲಿಗೆ ಹೋಯಿತು. 2012ರಲ್ಲಿ ಫಿಡೆಲ್ ಕ್ಯಾಸ್ಟ್ರೊ ಅವರೇ ನುಗ್ಗೆಯ ಗುಣಗಳ ಬಗ್ಗೆ ಬರೆದು, ಬೆಳೆಯಲು ಉತ್ತೇಜನ ಕೊಟ್ಟರು.

ಮಿತಿಗಳನ್ನೂ ತಿಳಿದಿರಬೇಕು

ಹವಾನಾ ತನ್ನ ಊಟವನ್ನೆಲ್ಲ ತಾನೇ ಬೆಳೆದುಕೊಂಡಿತು ಎಂದು ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ನಗರದ ತೋಟದಿಂದ ಸೊಪ್ಪು, ತರಕಾರಿ, ಸ್ವಲ್ಪ ಹಣ್ಣು ಸಿಗುತ್ತದೆ. ಅಕ್ಕಿ, ಗೋಧಿ, ಬೇಳೆ, ಎಣ್ಣೆ ಸಿಗುವುದಿಲ್ಲ. ಅವಕ್ಕೆ ವಿಶಾಲವಾದ ಹೊಲವೇ ಬೇಕು. ಕ್ಯೂಬಾ ಇಂದಿಗೂ ತನ್ನ ಆಹಾರದ ಹೆಚ್ಚಿನ ಪಾಲನ್ನು ಹೊರದೇಶಗಳಿಂದ ತರಿಸುತ್ತದೆ. ಈಚಿನ ವರ್ಷಗಳಲ್ಲಿ ಅಲ್ಲಿ ಬೆಲೆ ಏರಿಕೆ, ವಿದ್ಯುತ್ ಕಡಿತ, ಆಹಾರದ ಅಭಾವ ಮತ್ತೆ ಕಾಡುತ್ತಿವೆ. ಇದರಿಂದ ತೋಟಗಳು ವ್ಯರ್ಥ ಎಂದಾಗುವುದಿಲ್ಲ. ಆದರೆ ತೋಟದಿಂದ ಎಷ್ಟು ನಿರೀಕ್ಷಿಸಬೇಕು ಎಂಬುದು ತಿಳಿಯುತ್ತದೆ.

ಎರಡನೆಯ ಮಿತಿ ಜಾಗ. ಹವಾನಾದಲ್ಲಿ ಜಾಗ ಬಾಡಿಗೆ ಇಲ್ಲದೆ ಸಿಕ್ಕಿತು. ನಮ್ಮ ನಗರಗಳಲ್ಲಿ ನಿವೇಶನದ ಬೆಲೆಗೆ ಸೊಪ್ಪು ಬೆಳೆದು ಯಾರೂ ಬಡ್ಡಿ ಕಟ್ಟಲಾರರು. ಬೆಂಗಳೂರಿನಲ್ಲಿ ಇದೇ ತೊಂದರೆಗೆ ಬೇರೆ ದಾರಿ ಹಿಡಿದರು. 1959ರಲ್ಲಿ ಆರಂಭವಾದ ಹಾಪ್‌ಕಾಮ್ಸ್ ರೈತರಿಂದ ನೇರವಾಗಿ ಕೊಂಡು ಬಡಾವಣೆಯ ಮಳಿಗೆಗಳಲ್ಲಿ ಮಾರುವ ಸಹಕಾರಿ ಸಂಸ್ಥೆ. ಅವರು ಅಂಗಡಿಯನ್ನು ಹತ್ತಿರ ತಂದರು, ಹವಾನಾದವರು ತೋಟವನ್ನೇ ಹತ್ತಿರ ತಂದರು. ಎರಡರ ಉದ್ದೇಶವೂ ನಡುವಿನ ಖರ್ಚನ್ನು ಇಳಿಸುವುದೇ.

ನಮ್ಮ ಕೈಯಲ್ಲಿ ಆಗುವುದೆಷ್ಟು?

ಒಬ್ಬರಿಗೆ ದಿನಕ್ಕೆ 300 ಗ್ರಾಂ ತರಕಾರಿ, ಚದರ ಮೀಟರಿಗೆ ವರ್ಷಕ್ಕೆ 20 ಕಿಲೋ ಇಳುವರಿ. ಇವು ಕ್ಯೂಬಾದ ಕಾರ್ಯಕ್ರಮ ಇಟ್ಟುಕೊಂಡ ಗುರಿಗಳು. ನಾವು ಇಳುವರಿಯನ್ನು ಅದರ ಅರ್ಧ, ಅಂದರೆ 10 ಕಿಲೋ ಎಂದೇ ಹಿಡಿಯೋಣ.

50 ಮಕ್ಕಳಿರುವ ಒಂದು ವಿದ್ಯಾರ್ಥಿ ನಿಲಯ ಇದೆ ಎಂದುಕೊಳ್ಳಿ. 300 ಗ್ರಾಂನಂತೆ ದಿನಕ್ಕೆ 15 ಕಿಲೋ, ವರ್ಷಕ್ಕೆ 5,475 ಕಿಲೋ ಬೇಕು. ಅದಕ್ಕೆ ಸುಮಾರು 550 ಚದರ ಮೀಟರ್ ಮಡಿ, ಅಂದರೆ ಐದೂವರೆ ಗುಂಟೆ, ಓಡಾಡುವ ದಾರಿ ಬೇರೆ. ಇದು ಹೆಚ್ಚಾಯಿತು ಎನ್ನುವವರು ಸೊಪ್ಪು ಒಂದನ್ನೇ ಬೆಳೆಯಲಿ. ಮಗುವಿಗೆ 100 ಗ್ರಾಂನಂತೆ ದಿನಕ್ಕೆ 5 ಕಿಲೋ ಸಾಕು. ಎರಡು ಗುಂಟೆಗೂ ಕಡಿಮೆ ಮಡಿಯಲ್ಲಿ ಆಗುತ್ತದೆ. ಸಂಘ ಸಂಸ್ಥೆಗಳ ನಿಲಯ, ಶಾಲೆ, ಕಲ್ಯಾಣ ಮಂಟಪಗಳ ಹಿಂದೆ ಇಷ್ಟು ಜಾಗ ಪಾರ್ಥೇನಿಯಂ ಬೆಳೆದು ಬಿದ್ದಿರುವುದನ್ನು ನಾವೆಲ್ಲ ನೋಡಿದ್ದೇವೆ.

ಕೈಹಾಕುವ ಮೊದಲು ಸಮಿತಿಯವರು ಈ ಕೆಳಗಿನವನ್ನು ನೋಡಿಕೊಳ್ಳಬೇಕು:

1. ಜಾಗ ಕನಿಷ್ಠ ಐದು ವರ್ಷ ತೋಟಕ್ಕೇ ಇರುತ್ತದೆ ಎಂದು ಬರವಣಿಗೆಯಲ್ಲಿ ಆಗಬೇಕು. ಮಣ್ಣು ಹದಕ್ಕೆ ಬರುವ ಹೊತ್ತಿಗೆ ಜಾಗ ಬಿಡು ಎಂದರೆ ಯಾರೂ ಮುಂದೆ ಬರುವುದಿಲ್ಲ.
2. ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಬೇಕು. ಹಿಂದೆ ಗ್ಯಾರೇಜು, ಬಣ್ಣದ ಕೆಲಸ ನಡೆದ ಜಾಗವಾದರೆ ಏರುಮಡಿಯೇ ಸರಿ. ಚರಂಡಿ ನೀರು ಬೇಡ.
3. ಒಬ್ಬರಾದರೂ ಸಂಬಳದ ಕೆಲಸಗಾರರು ಬೇಕು. ಸ್ವಯಂಸೇವಕರು ಭಾನುವಾರ ಬರುತ್ತಾರೆ, ಗಿಡಕ್ಕೆ ಸೋಮವಾರವೂ ನೀರು ಬೇಕು.
4. ಉಳಿದ ತರಕಾರಿಯನ್ನು ಗೇಟಿನ ಬಳಿಯೇ, ನಿಗದಿಯಾದ ಸಮಯಕ್ಕೆ, ಬೆಲೆ ಬರೆದ ಹಲಗೆ ಇಟ್ಟು ಮಾರಬೇಕು. ಪಕ್ಕದ ಮನೆಯವರಿಗೆ ಮೊದಲು ಸಿಗಬೇಕು.
5. ಖರ್ಚು, ಮಾರಾಟ, ಊಟಕ್ಕೆ ಕೊಟ್ಟದ್ದು ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು. ವರ್ಷದ ಕೊನೆಗೆ ತೋಟ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.

ಹವಾನಾದ ಜನ ಈ ಕೆಲಸಕ್ಕೆ ಇಳಿದದ್ದು ಹಸಿವಿನಿಂದ, ಬೇರೆ ದಾರಿ ಇಲ್ಲದೆ. ನಮಗೆ ಆ ಕಷ್ಟ ಬಂದಿಲ್ಲ. ಆದರೆ ನಮ್ಮ ಪಕ್ಕದ ಬಡಾವಣೆಯಲ್ಲಿ ಅನ್ನ ಸಾರಿನಲ್ಲೇ ದಿನ ಕಳೆಯುವ, ತಟ್ಟೆಯಲ್ಲಿ ಹಸಿರು ಕಾಣದ ಮಕ್ಕಳಿದ್ದಾರೆ. ಸಂಸ್ಥೆಯ ಹಿಂದಿನ ಎರಡು ಗುಂಟೆ ಜಾಗ ಈ ವರ್ಷವೂ ಖಾಲಿ ಇರಬೇಕೇ ಎಂಬ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ಇಡಬೇಕೆಂದು ಎಲ್ಲ ಪದಾಧಿಕಾರಿಗಳಲ್ಲಿ ವಿನಂತಿ.